ಎಲ್ಲರಂತಲ್ಲದ ನಾಯಕಿಯರು ಈಗ ಯಾಕೆ ಹಿಡಿಸುತ್ತಿಲ್ಲ?

ಓದುಗರೊಬ್ಬರ ಪ್ರಶ್ನೆ: ಹೈಸ್ಕೂಲಿನಿಂದಲೂ ನನಗೆ ಫ್ಯಾಂಟಸಿ ಕಾದಂಬರಿ ಅಂದರೆ ಪ್ರಾಣ. ಅದರಲ್ಲೂ ನಾಯಕಿ ಎಲ್ಲರಂತೆ ಇರಬಾರದು. ಕತ್ತಿ ಹಿಡಿಯುವ ರಾಜಕುಮಾರಿ, ಗಂಡುವೇಷದಲ್ಲಿ ಯುದ್ಧವಿದ್ಯೆ ಕಲಿಯುವವಳು, ಚೆಲುವೆಯಲ್ಲದವಳು, ಮದುವೆ ಬೇಡ ಅನ್ನುವವಳು, ಇಂಥವರ ಕಥೆ ಸಿಕ್ಕರೆ ರಾತ್ರಿಯೆಲ್ಲ ಕೂತು ಮುಗಿಸುತ್ತಿದ್ದೆ. ಈಗ ಒಂದೆರಡು ವರ್ಷದಿಂದ ನೂರು ಪುಟ ದಾಟುವಷ್ಟರಲ್ಲಿ ಬೇಜಾರು ಬರುತ್ತದೆ. ಒಂದು ಸರಣಿಯ ಮೂರನೇ ಭಾಗ ಅರ್ಧಕ್ಕೇ ನಿಂತಿದೆ. ನನಗೆ ವಯಸ್ಸಾಯಿತಾ, ಇಲ್ಲ ಪುಸ್ತಕಗಳೇ ಹಾಗಾದವಾ? ಆ ಖುಷಿ ಮತ್ತೆ ಬರುತ್ತದಾ?

ಉತ್ತರ: ಬೇಜಾರು ಎಲ್ಲಿ ಶುರುವಾಗುತ್ತದೆ ಅಂತ ನೀವೇ ಹೇಳಿಬಿಟ್ಟಿದ್ದೀರಿ. ಅದರಿಂದ ನನ್ನ ಕೆಲಸ ಸುಲಭವಾಯಿತು. ಮೊದಲ ಪುಟದಲ್ಲೇ ಪುಸ್ತಕ ಕೆಳಗಿಡುವವರ ಸಮಸ್ಯೆ ಬೇರೆ, ಅವರಿಗೆ ಫ್ಯಾಂಟಸಿಯೇ ಸಾಕಾಗಿರುತ್ತದೆ. ನೀವು ನೂರು ಪುಟದವರೆಗೆ ಆಸೆಯಿಂದ ಬಂದು ಅಲ್ಲಿ ನಿಲ್ಲುತ್ತೀರಿ. ಇಂಥ ಕಾದಂಬರಿಗಳಲ್ಲಿ ಹೆಚ್ಚುಕಡಿಮೆ ಅಷ್ಟರಲ್ಲಿ ಒಂದು ಘಟ್ಟ ಮುಗಿದಿರುತ್ತದೆ. ಹುಡುಗಿ ಎಲ್ಲರಂತಲ್ಲ ಅಂತ ಓದುಗರಿಗೆ ಗೊತ್ತಾಗಿರುತ್ತದೆ. ಮನೆಯವರ ಜೊತೆ ಜಗಳ ಆಗಿರುತ್ತದೆ. ಅವಳು ಹೊಸಿಲು ದಾಟಿರುತ್ತಾಳೆ. ಇನ್ನು ಮುಂದೇನು ಅನ್ನುವುದನ್ನು ಬಹಳ ಪುಸ್ತಕಗಳು ಯೋಚಿಸಿಯೇ ಇರುವುದಿಲ್ಲ. ಹದಿನೈದನೇ ವಯಸ್ಸಿನಲ್ಲಿ ಇದು ನಿಮ್ಮ ಕಣ್ಣಿಗೆ ಬೀಳಲಿಲ್ಲ, ಯಾಕೆಂದರೆ ಆಗ ನಿಮಗೆ ಬೇಕಾಗಿದ್ದದ್ದೇ ಆ ಹೊಸಿಲು ದಾಟುವ ಗಳಿಗೆ. ಈಗ ಬೀಳುತ್ತಿದೆ.

ನನಗೆ ಅನ್ನಿಸುವುದು ಇಷ್ಟು: ನಿಮಗೆ ಸಾಕಾಗಿರುವುದು ಈ ನಾಯಕಿಯರ ಕಥೆಯ ಮೊದಲ ಅಧ್ಯಾಯ ಮಾತ್ರ. ಎಷ್ಟೋ ಪುಸ್ತಕಗಳಲ್ಲಿ ಅದೊಂದನ್ನೇ ಹೆಸರು ಬದಲಿಸಿ ಓದಿದ್ದೀರಿ. ಮುಂದಿನ ಅಧ್ಯಾಯಗಳನ್ನು ಬರೆದವರೂ ಇದ್ದಾರೆ. ಅವು ಅಂಗಡಿಯ ಮುಂದಿನ ಸಾಲಿನಲ್ಲಿ ಸಿಗುವುದು ಕಡಿಮೆ, ಅಷ್ಟೆ.

ಆ ಮೊದಲ ಅಧ್ಯಾಯ ಎಷ್ಟು ಹಳೆಯದು ಅಂತ ಒಮ್ಮೆ ನೋಡಿ. 1934ರಲ್ಲಿ ಸಿ. ಎಲ್. ಮೂರ್ ಅನ್ನುವ ಲೇಖಕಿ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಜಿರೆಲ್ ಅನ್ನುವ ಯೋಧೆಯ ಮೊದಲ ಕಥೆ ಪ್ರಕಟಿಸಿದರು. ಕೋಟೆ ಸೋತಿದೆ. ಸೆರೆಸಿಕ್ಕ ದಳಪತಿಯನ್ನು ಗೆದ್ದವನ ಮುಂದೆ ಎಳೆದು ತರುತ್ತಾರೆ. ಶಿರಸ್ತ್ರಾಣ ತೆಗೆದಾಗ ನೋಡಿದರೆ ಹೆಂಗಸು! ಟಾಲ್ಕಿನ್ ಅವರ 'ದಿ ರಿಟರ್ನ್ ಆಫ್ ದ ಕಿಂಗ್' ಬಂದದ್ದು 1955ರಲ್ಲಿ. ಅಲ್ಲೂ ಇಯೋವಿನ್ ಗಂಡುವೇಷದಲ್ಲಿ ಯುದ್ಧಕ್ಕೆ ಹೋಗಿ ಸರಿಯಾದ ಹೊತ್ತಿಗೆ ತಾನು ಹೆಣ್ಣು ಅಂತ ತೋರಿಸಿಕೊಳ್ಳುತ್ತಾಳೆ. ಅಂದರೆ 'ಅರೆ, ಇವಳು ಹೆಣ್ಣು' ಅನ್ನುವ ಬೆರಗಿಗೆ ತೊಂಬತ್ತು ವರ್ಷ ಆಯಿತು. ಬರೀ ಆ ಬೆರಗನ್ನೇ ನೆಚ್ಚಿಕೊಂಡ ಪುಸ್ತಕ ಇವತ್ತು ಎಷ್ಟು ದೂರ ಹೋದೀತು?

1980ರ ದಶಕದಲ್ಲಿ ಒಂದು ದೊಡ್ಡ ತಿರುವು ಬಂತು. ರಾಬಿನ್ ಮೆಕಿನ್ಲಿ ಅವರ 'ದಿ ಬ್ಲೂ ಸ್ವೋರ್ಡ್' 1982ರಲ್ಲಿ, ಗಂಡುವೇಷದಲ್ಲಿ ಯುದ್ಧವಿದ್ಯೆ ಕಲಿಯುವ ಅಲಾನಾ ಅನ್ನುವ ಹುಡುಗಿಯ ಬಗ್ಗೆ ಟಮೋರಾ ಪಿಯರ್ಸ್ ಬರೆದ ಸರಣಿಯ ಮೊದಲ ಪುಸ್ತಕ 1983ರಲ್ಲಿ, ಮತ್ತೆ ಮೆಕಿನ್ಲಿ ಅವರದೇ 'ದಿ ಹೀರೋ ಆಂಡ್ ದ ಕ್ರೌನ್' 1984ರಲ್ಲಿ ಬಂದವು. ಕಥೆಯ ನಡುಮಧ್ಯೆ ಹುಡುಗಿ ನಿಂತಿರುವುದೇ ಅಪರೂಪವಾಗಿದ್ದ ಕಾಲ ಅದು. ಅವತ್ತಿನ ಓದುಗರಿಗೆ ಹೊಸಿಲು ದಾಟುವುದೇ ಇಡೀ ಕಥೆಯಷ್ಟು ದೊಡ್ಡದಾಗಿತ್ತು, ಅದರಲ್ಲಿ ತಪ್ಪೇನಿಲ್ಲ. ಆಮೇಲೆ ಅಂಥ ಪುಸ್ತಕ ಚೆನ್ನಾಗಿ ಮಾರಾಟವಾಗುತ್ತದೆ ಅಂತ ಪ್ರಕಾಶಕರಿಗೆ ಗೊತ್ತಾಯಿತು, ಸಾಲುಸಾಲಾಗಿ ಬಂದವು. ಆ ಭಾಗ ನಿಮಗೂ ಗೊತ್ತಿರುವುದೇ.

ಆದರೆ ಆ ಮೊದಲಿನವುಗಳಲ್ಲಿ ಕೆಲವು ಇವತ್ತಿಗೂ ಮಾಸಿಲ್ಲ. ಯಾಕೆ? 'ದಿ ಹೀರೋ ಆಂಡ್ ದ ಕ್ರೌನ್' ಅನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ 1985ರಲ್ಲಿ ಇದಕ್ಕೇ ಬಂದದ್ದು. ಏರಿನ್ ರಾಜನ ಮಗಳು. ತಾಯಿ ಹೊರನಾಡಿನವಳು, ಮಾಟಗಾತಿ ಅಂತ ಜನ ಆಡಿಕೊಂಡ ಹೆಂಗಸು. ರಾಜಮನೆತನದವರಿಗೆಲ್ಲ ಇರುವ ಮಂತ್ರಶಕ್ತಿ ಮಗಳಲ್ಲಿ ಕಾಣಿಸುತ್ತಿಲ್ಲ. ಇಲ್ಲಿಯವರೆಗೆ ನೀವು ನೂರು ಸಲ ಓದಿರುವ ಕಥೆಯೇ. ಆಮೇಲೆ ಅವಳಿಗೆ ಒಂದು ಹಳೆಯ ಪುಸ್ತಕ ಸಿಗುತ್ತದೆ. ಅದರಲ್ಲಿ ಡ್ರ್ಯಾಗನ್ ಬೆಂಕಿ ತಾಗದಂತೆ ಮೈಗೆ ಹಚ್ಚಿಕೊಳ್ಳುವ ಮುಲಾಮೊಂದರ ವಿವರ ಇದೆ, ಕೆನೆಟ್ ಅಂತ ಅದರ ಹೆಸರು. ಏನೇನು ಹಾಕಬೇಕು ಅಂತ ಬರೆದಿದೆ, ಎಷ್ಟೆಷ್ಟು ಅಂತ ಬರೆದಿಲ್ಲ.

ಏರಿನ್ ಕೂತು ಅರೆಯುತ್ತಾಳೆ, ಕಲಸುತ್ತಾಳೆ. ಕಡ್ಡಿಗೆ ಹಚ್ಚಿ ಬೆಂಕಿಗೆ ಹಿಡಿಯುತ್ತಾಳೆ. ಕಡ್ಡಿ ಉರಿದುಹೋಗುತ್ತದೆ. ಅಳತೆ ಬದಲಿಸಿ ಮತ್ತೆ ಕಲಸುತ್ತಾಳೆ, ಮತ್ತೆ ಉರಿಯುತ್ತದೆ. ಹೀಗೇ ವರ್ಷಗಟ್ಟಲೆ. ಇದರ ಜೊತೆಗೆ, ಗಾಯಗೊಂಡು ಕುಂಟಾಗಿ ಮೂಲೆ ಸೇರಿದ ಅಪ್ಪನ ಯುದ್ಧದ ಕುದುರೆ ಟಾಲಾಟನ್ನು ಓಲೈಸಿ ಓಲೈಸಿ ಮತ್ತೆ ನಡೆಸುತ್ತಾಳೆ. ಕೊನೆಗೂ ಮುಲಾಮು ಕೈಗೂಡಿದಾಗ ಅವಳಿಗೆ ಸಿಗುವ ಡ್ರ್ಯಾಗನ್‌ಗಳಾದರೂ ಎಂಥವು? ಸಣ್ಣವು, ಬೆಳೆಗೆ ಕಾಟ ಕೊಡುವಂಥವು. ಅವನ್ನು ಕೊಂದರೆ ಯಾರೂ ಹೊಗಳುವುದಿಲ್ಲ. ಮಾಡಲೇಬೇಕಾದ ಗಲೀಜು ಕೆಲಸ ಅದು. ಮುಂದೆ ಮೌರ್ ಅನ್ನುವ ನಿಜವಾದ ದೊಡ್ಡ ಡ್ರ್ಯಾಗನ್ ಬಂದಾಗ ಕೆನೆಟ್ ಪೂರ್ತಿ ಕಾಯುವುದಿಲ್ಲ. ಅವಳು ಗೆಲ್ಲುತ್ತಾಳೆ, ಆದರೆ ಮೈ ಸುಟ್ಟುಕೊಂಡು ವಾಪಸು ಬರುತ್ತಾಳೆ. ಜನ ಮೌರ್‌ನ ತಲೆಯನ್ನು ಅರಮನೆಗೆ ತಂದು ಗೆಲುವಿನ ಗುರುತಾಗಿ ಇಡುತ್ತಾರೆ. ಅದೇ ತಲೆ ದಿನದಿನವೂ ಅವಳ ಮನಸ್ಸನ್ನು ಹಿಂಡುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಏನು ಅಂದರೆ, ಏರಿನ್ ಬೇರೆಯವಳು ಅನ್ನುವುದಕ್ಕೆ ಬೆಲೆ ಇದೆ, ಆ ಬೆಲೆ ಕಥೆಯ ಕೊನೆಯವರೆಗೂ ಇಳಿಯುವುದಿಲ್ಲ. ಗೆದ್ದಮೇಲೂ ಇದೆ. ಮತ್ತೆ, ಅವಳಿಗೆ ಮಾಡಲು ಕೆಲಸ ಇದೆ. ಅವಳ ಸ್ವಭಾವ ನಮಗೆ ಗೊತ್ತಾಗುವುದು ಆ ಕಡ್ಡಿ ಸುಡುವ ಕೆಲಸದಿಂದ. 'ಅವಳು ಹಟಮಾರಿ' ಅಂತ ಯಾರೋ ಹೇಳಿದ್ದರಿಂದ ಅಲ್ಲ.

ಈಗ ನಿಮಗೆ ಬೇಜಾರು ತಂದ ಪುಸ್ತಕಗಳನ್ನು ಇದರ ಪಕ್ಕ ಇಟ್ಟು ನೋಡಿ. ಸಾಮಾನ್ಯವಾಗಿ ಅಲ್ಲಿ ಆಗುವುದು ಇದು: ನಾಯಕಿಗೆ ಶಕ್ತಿ ಇಲ್ಲ ಅಂತ ಶುರುವಾಗುತ್ತದೆ, ಅರ್ಧದ ಹೊತ್ತಿಗೆ ಇಡೀ ಲೋಕದಲ್ಲಿ ಯಾರಿಗೂ ಇಲ್ಲದ ಶಕ್ತಿ ಅವಳೊಳಗೇ ಅಡಗಿತ್ತು ಅಂತ ಗೊತ್ತಾಗುತ್ತದೆ. ಅವಳು ಚೆಲುವೆಯಲ್ಲ ಅಂತ ಲೇಖಕರು ಹೇಳುತ್ತಾರೆ, ಆದರೆ ಪುಸ್ತಕದಲ್ಲಿ ಇರುವ ಗಂಡಸರೆಲ್ಲ ಅವಳ ಹಿಂದೆಯೇ ಇರುತ್ತಾರೆ. ಒರಟು ಮಾತಿನವಳು ಅನ್ನುತ್ತಾರೆ, ಆ ಒರಟು ಮಾತಿನಿಂದ ಅವಳು ಒಬ್ಬ ಗೆಳತಿಯನ್ನೂ ಕಳೆದುಕೊಳ್ಳುವುದಿಲ್ಲ. ಕೊಟ್ಟ ಕೊರತೆಯನ್ನೆಲ್ಲ ಒಂದೊಂದಾಗಿ ವಾಪಸು ತೆಗೆದುಕೊಂಡರೆ ಕೊನೆಗೆ ಉಳಿಯುವುದು ಹಳೆಯ ರಾಜಕುಮಾರಿಯೇ, ಕೈಗೆ ಕತ್ತಿ ಬಂದಿರುತ್ತದೆ ಅಷ್ಟೆ. ನಿಮ್ಮ ಮನಸ್ಸಿಗೆ ಇದು ಗೊತ್ತಾಗುತ್ತದೆ. ಬೇಜಾರಿನ ರೂಪದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ನಾಯಕಿ ದೊಡ್ಡವಳಾಗಿ ಕಾಣಲಿ ಅಂತ ಉಳಿದ ಹೆಂಗಸರನ್ನೆಲ್ಲ ಚಿಕ್ಕವರನ್ನಾಗಿ ಮಾಡುವುದು. ಅಕ್ಕಂದಿರಿಗೆ ಬಟ್ಟೆಯದೇ ಚಿಂತೆ, ಚಿಕ್ಕಮ್ಮನಿಗೆ ಮದುವೆಯದೇ ಚಿಂತೆ, ಕಸೂತಿ ಹಾಕುವವರಿಗೆ ಬುದ್ಧಿಯೇ ಇಲ್ಲ. ಇವಳೊಬ್ಬಳೇ ಜಾಣೆ. ಏರಿನ್ ಕಥೆಯಲ್ಲೂ ಇದರ ಛಾಯೆ ಇದೆ, ಗಲಾನಾ ಅನ್ನುವ ಸಂಬಂಧಿಕಳು ಬರೀ ಹೊಟ್ಟೆಕಿಚ್ಚಿನ ಸುಂದರಿಯಾಗಿಯೇ ಉಳಿದುಬಿಡುತ್ತಾಳೆ. ಹದಿನೈದರಲ್ಲಿ ಓದುವಾಗ ನಾವು ನಾಯಕಿಯ ಕಡೆ ನಿಂತಿರುತ್ತೇವೆ, ಇದು ಸಿಹಿಯಾಗಿಯೇ ಇರುತ್ತದೆ. ದೊಡ್ಡವರಾದ ಮೇಲೆ ನಮ್ಮ ಸುತ್ತ ಎಂಥೆಂಥ ಹೆಂಗಸರಿದ್ದಾರೆ, ಯಾರು ಯಾರು ಏನೇನು ಹೊತ್ತು ನಡೆಯುತ್ತಿದ್ದಾರೆ ಅಂತ ಗೊತ್ತಾಗಿರುತ್ತದೆ. ಆಗ ಆ ಕಸೂತಿ ಹಾಕುವ ಅಕ್ಕನ ಬಗ್ಗೆ ಯಾಕೆ ಒಂದು ಸಾಲೂ ಇಲ್ಲ ಅಂತ ಅನ್ನಿಸುತ್ತದೆ ಅಲ್ವಾ? ನಿಮ್ಮ ವಯಸ್ಸಿನ ಪಾಲು ಇಲ್ಲೇ ಇರುವುದು. ಆಸಕ್ತಿ ಕಡಿಮೆಯಾಗಿದ್ದಲ್ಲ, ಕಣ್ಣು ಇನ್ನಷ್ಟು ಜನರ ಕಡೆ ಹರಿಯಿತು.

ಹೊಸಿಲು ದಾಟಿದ ಮೇಲಿನ ಅಧ್ಯಾಯದ ಬಗ್ಗೆ ಆಗಲೇ ಹೇಳಿದೆ. ನನಗೆ ಗೊತ್ತಿರುವ ಮಟ್ಟಿಗೆ ಅದನ್ನು ಅರ್ಸುಲಾ ಲೆ ಗ್ವಿನ್ ಅವರಷ್ಟು ಧೈರ್ಯದಿಂದ ಬರೆದವರು ಇಲ್ಲ. 1971ರಲ್ಲಿ ಬಂದ 'ದಿ ಟೂಂಬ್ಸ್ ಆಫ್ ಅಟುವಾನ್', ಅಂದರೆ ಅವರ 'ಅರ್ತ್‌ಸೀ' ಸರಣಿಯ ಎರಡನೇ ಪುಸ್ತಕದಲ್ಲಿ ಟೆನಾರ್ ಅನ್ನುವ ಹುಡುಗಿ ಇದ್ದಾಳೆ. ತೀರಾ ಚಿಕ್ಕವಳಿದ್ದಾಗಲೇ ಅವಳನ್ನು ಮನೆಯಿಂದ ತಂದು, ಹೆಸರನ್ನೂ ಕಿತ್ತುಕೊಂಡು, ಕತ್ತಲ ದೇವತೆಗಳ ಪೂಜಾರಿಣಿ ಮಾಡಿರುತ್ತಾರೆ. ನೆಲದಡಿಯ ಸುರಂಗಗಳೆಲ್ಲ ಅವಳಿಗೆ ಕೈ ತಡವಿಯೇ ಗೊತ್ತು, ಅಲ್ಲಿ ದೀಪ ಹಚ್ಚುವಂತಿಲ್ಲ. ಕೊನೆಗೆ ಗೆಡ್ ಅನ್ನುವ ಮಾಂತ್ರಿಕನ ಜೊತೆ ಅವಳು ಅಲ್ಲಿಂದ ತಪ್ಪಿಸಿಕೊಳ್ಳುತ್ತಾಳೆ. ಬಿಡುಗಡೆಯ ಕಥೆ ಅದು, ಪೂರ್ತಿ ಹೊಸಿಲು ದಾಟುವ ಕಥೆ. ಮುಂದಿನ ಪುಸ್ತಕ 1972ರಲ್ಲಿ ಬಂತು, ಅದರಲ್ಲಿ ಟೆನಾರ್ ಕಾಣಿಸಿಕೊಳ್ಳುವುದಿಲ್ಲ.

ಆಮೇಲೆ 1990ರಲ್ಲಿ 'ಟೆಹಾನು' ಬಂತು. ಲೆ ಗ್ವಿನ್ ಅವರಿಗೆ ಆಗ ಅರವತ್ತರ ಆಸುಪಾಸು. ಟೆನಾರ್ ಈಗ ನಡುವಯಸ್ಸಿನ ವಿಧವೆ. ಮಾಂತ್ರಿಕ ಗುರುವೊಬ್ಬನ ಬಳಿ ವಿದ್ಯೆ ಕಲಿಯುವ ಅವಕಾಶ ಇತ್ತು, ಅದನ್ನು ಬಿಟ್ಟು ರೈತನನ್ನು ಮದುವೆಯಾಗಿ ಮಕ್ಕಳನ್ನು ಸಾಕಿದ್ದಾಳೆ. ಅವರೂ ದೊಡ್ಡವರಾಗಿ ಹೋಗಿದ್ದಾರೆ. ಈಗ ಅವಳ ಮಡಿಲಿಗೆ ಒಂದು ಹೆಣ್ಣುಮಗು ಬರುತ್ತದೆ. ಹೆತ್ತವರ ಕಡೆಯವರೇ ಹಿಂಸೆ ಕೊಟ್ಟು ಬೆಂಕಿಗೆ ನೂಕಿದ ಮಗು. ಮುಖದ ಒಂದು ಪಕ್ಕ, ಒಂದು ಕೈ ಸುಟ್ಟುಹೋಗಿವೆ. ಇಡೀ ಲೋಕಕ್ಕೇ ದೊಡ್ಡ ಮಾಂತ್ರಿಕನಾಗಿದ್ದ ಗೆಡ್ ಶಕ್ತಿಯೆಲ್ಲ ಕಳೆದುಕೊಂಡು, ನಾಚಿಕೆಯಿಂದ ಕುಗ್ಗಿಹೋಗಿ ವಾಪಸು ಬರುತ್ತಾನೆ. ಪುಸ್ತಕದ ಬಹುಭಾಗ ಮೇಕೆ ಕಾಯುವುದು, ಅಡುಗೆ ಮಾಡುವುದು, ಆ ಮಗುವಿಗೆ ಭಯವಾಗದಂತೆ ನೋಡಿಕೊಳ್ಳುವುದು, ಇದರಲ್ಲೇ ಕಳೆಯುತ್ತದೆ. ಹಡಗಿನಲ್ಲಿ ದುಡಿಯಲು ಹೋಗಿದ್ದ ಮಗ ಮನೆಗೆ ಬರುತ್ತಾನೆ. ಊಟದ ತಟ್ಟೆ ತೊಳೆಯುವುದು ಹೆಂಗಸರ ಕೆಲಸ ಅಂತ ಎದ್ದು ಹೋಗುತ್ತಾನೆ. ತಾನು ಬೆಳೆಸಿದ ಮಗನೇ ಹೀಗಾದನಲ್ಲ ಅಂತ ಟೆನಾರ್‌ಗೆ ಅನ್ನಿಸುತ್ತದೆ. ಡ್ರ್ಯಾಗನ್ ಯುದ್ಧಕ್ಕಿಂತ ಹೆಚ್ಚು ನೋವು ಕೊಡುವ ಪುಟ ಅದು.

ವೈಜ್ಞಾನಿಕ ಮತ್ತು ಫ್ಯಾಂಟಸಿ ಕಥೆಗಳಿಗೆ ಕೊಡುವ ನೆಬ್ಯುಲಾ ಪ್ರಶಸ್ತಿ ಈ ಪುಸ್ತಕಕ್ಕೆ ಬಂತು. ಆದರೆ ಹಳೆಯ ಓದುಗರಲ್ಲಿ ಎಷ್ಟೋ ಜನರಿಗೆ ಹಿಡಿಸಲಿಲ್ಲ. ಸಾಹಸವೆಲ್ಲಿ, ಮಂತ್ರವೆಲ್ಲಿ ಅಂತ ಕೇಳಿದರು. ನನಗೆ ಮಾತ್ರ ಇದು ಇಡೀ ಸರಣಿಯಲ್ಲೇ ಹೆಚ್ಚು ಧೈರ್ಯದ ಪುಸ್ತಕ. ತಪ್ಪಿಸಿಕೊಂಡ ಹುಡುಗಿ ಆಮೇಲೆ ಬದುಕಬೇಕಲ್ಲ? ಯಾರ ಜೊತೆ, ಯಾವ ಮನೆಯಲ್ಲಿ, ಯಾರ ತಟ್ಟೆ ತೊಳೆಯುತ್ತಾ? ಬಿಡುಗಡೆ ಅನ್ನುವುದು ಒಂದೇ ಸಲ ಆಗಿ ಮುಗಿಯುವುದಲ್ಲ ಅನ್ನುವುದನ್ನು ಲೆ ಗ್ವಿನ್ ಯಾವ ಭಾಷಣವೂ ಇಲ್ಲದೆ, ಅಡುಗೆಮನೆಯಲ್ಲೇ ತೋರಿಸುತ್ತಾರೆ. ಹದಿನೈದರಲ್ಲಿ ನೀವು ಇದನ್ನು ಓದಿದ್ದರೆ ಬಹುಶಃ ಅರ್ಧಕ್ಕೇ ಬಿಡುತ್ತಿದ್ದಿರಿ. ಈಗ ಬಿಡಲಿಕ್ಕಿಲ್ಲ.

ಎಲ್ಲವೂ ಇಷ್ಟು ಭಾರವಾಗಿರಬೇಕು ಅಂತೇನಿಲ್ಲ. ಲೂಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಅವರ 'ಪ್ಯಾಲಡಿನ್ ಆಫ್ ಸೋಲ್ಸ್' 2003ರಲ್ಲಿ ಬಂತು, ಮರುವರ್ಷ ಅಂಥದೇ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು. ನಾಯಕಿ ಇಸ್ತಾಗೆ 40 ವರ್ಷ. ರಾಜಮಾತೆ, ವಿಧವೆ, ತಲೆಕೆಟ್ಟವಳು ಅಂತ ಹೆಸರು ಬಿದ್ದವಳು. ಪ್ರೀತಿಯಿಂದಲೇ ಕಾವಲು ಕಾಯುವ ಜನರ ನಡುವೆ ಅವಳಿಗೆ ಉಸಿರು ಕಟ್ಟುತ್ತದೆ. ತೀರ್ಥಯಾತ್ರೆ ಅಂತ ನೆಪ ಹೇಳಿ ಹೊರಡುತ್ತಾಳೆ. ದೇವರುಗಳ ಮೇಲೆ ಅವಳಿಗೆ ಹಳೆಯ ಸಿಟ್ಟಿದೆ, ಅದಕ್ಕೆ ಕಾರಣವೂ ಇದೆ. ದೇವರು ಮತ್ತೆ ಕರೆದಾಗ ಅವಳು ಹುಡುಗಿಯ ಹಾಗೆ ಪುಳಕಗೊಳ್ಳುವುದಿಲ್ಲ, ಚೌಕಾಸಿ ಮಾಡುತ್ತಾಳೆ. ಆ ಸಂಭಾಷಣೆಗಳನ್ನು ಓದುತ್ತಾ ನನಗೆ ಆದ ಸಂತೋಷ ಯಾವ ಕತ್ತಿವರಸೆಯಿಂದಲೂ ಆಗಿಲ್ಲ.

ಡಯಾನಾ ವಿನ್ ಜೋನ್ಸ್ ಅವರ 'ಹೌಲ್ಸ್ ಮೂವಿಂಗ್ ಕ್ಯಾಸಲ್' (1986) ಓದಿಲ್ಲದಿದ್ದರೆ ಓದಿ. ಜಪಾನಿನ ನಿರ್ದೇಶಕ ಮಿಯಾಜಾಕಿ ಅವರ 2004ರ ಸಿನಿಮಾ ನೋಡಿದ್ದರೂ ಓದಿ, ಪುಸ್ತಕದ ದಾರಿ ಬೇರೆ. ಸೋಫಿ ಮೂವರು ಅಕ್ಕತಂಗಿಯರಲ್ಲಿ ಹಿರಿಯವಳು, ಸಂಕೋಚದ ಮುದ್ದೆ. ಶಾಪಕ್ಕೆ ಸಿಕ್ಕಿ ಮುದುಕಿಯಾಗುತ್ತಾಳೆ. ಆದಮೇಲೆ ಬಾಯಿ ಬಿಚ್ಚುತ್ತಾಳೆ, ಕಂಡವರನ್ನೆಲ್ಲ ಗದರಿಸುತ್ತಾಳೆ. ಮುದುಕಿಗೆ ಯಾರು ಏನು ಅನ್ನುತ್ತಾರೆ? ಆ ವೇಷ ಅವಳಿಗೇ ಎಲ್ಲೋ ಇಷ್ಟವಾಗಿದೆ ಅನ್ನುವುದು ಪುಸ್ತಕದ ನಡುವೆ ಮೆಲ್ಲಗೆ ಹೊರಬೀಳುತ್ತದೆ. ಬೇರೆಯವಳಾಗಿರುವುದು ಒಂದು ಅಡಗುತಾಣವೂ ಆಗಬಹುದು ಅಂತ ಇಷ್ಟು ಹಗುರವಾಗಿ ಹೇಳಿದ ಇನ್ನೊಂದು ಕಥೆ ನನಗೆ ನೆನಪಿಲ್ಲ.

ಸರಣಿಯ ಮಾತಿಗೆ ಬರೋಣ. ಮೂರನೇ ಭಾಗ ಅರ್ಧಕ್ಕೆ ನಿಂತಿದೆ ಅಂದಿರಿ. ಅದನ್ನು ಮುಗಿಸಲೇಬೇಕು ಅಂತೇನೂ ಇಲ್ಲ, ಬಿಟ್ಟುಬಿಡಿ. ಸುಮ್ನೆ ಕಷ್ಟಪಟ್ಟು ಮುಗಿಸಿದ ಪುಸ್ತಕ ಮುಂದಿನ ಪುಸ್ತಕದ ಹಸಿವನ್ನೂ ಕೊಲ್ಲುತ್ತದೆ. ಮೊದಲ ಭಾಗದಲ್ಲೇ ನಾಯಕಿಯ ಮುಖ್ಯ ತೊಡಕು ಬಗೆಹರಿದುಬಿಟ್ಟರೆ ಉಳಿದ ಭಾಗಗಳಲ್ಲಿ ಶತ್ರು ದೊಡ್ಡವನಾಗುತ್ತಾ ಹೋಗುತ್ತಾನೆ, ಅವಳು ಮಾತ್ರ ಇದ್ದಲ್ಲೇ ಇರುತ್ತಾಳೆ. ಇದಕ್ಕೆ ತದ್ವಿರುದ್ಧವಾದದ್ದು ಬೇಕಿದ್ದರೆ ಟೆರಿ ಪ್ರ್ಯಾಚೆಟ್ ಅವರ ಟಿಫನಿ ಏಕಿಂಗ್ ಪುಸ್ತಕಗಳಿವೆ. 2003ರಿಂದ 2015ರವರೆಗೆ ಐದು ಬಂದವು. ಮೊದಲನೆಯದರಲ್ಲಿ ಟಿಫನಿ ಒಂಬತ್ತು ವರ್ಷದವಳು. ಹೊಳೆಯ ರಾಕ್ಷಸಿಯ ಕಣ್ಣು ಸೂಪಿನ ತಟ್ಟೆಯಷ್ಟು ದೊಡ್ಡದು ಅಂತ ಪುಸ್ತಕದಲ್ಲಿ ಓದುತ್ತಾಳೆ. ಬೇರೆ ಮಕ್ಕಳಾದರೆ ಹೆದರುತ್ತಿದ್ದರು, ಇವಳು ಹೋಗಿ ತಟ್ಟೆಯನ್ನು ಅಳೆಯುತ್ತಾಳೆ. ಎಂಟು ಇಂಚು. ಆಮೇಲೆ ಬಾಣಲೆ ಹಿಡಿದು ಹೊಳೆಗೆ ಹೋಗುತ್ತಾಳೆ. ಅವಳು ಎಂಥವಳು ಅಂತ ಹೇಳಲು ಆ ತಟ್ಟೆ ಸಾಕು. ಎರಡನೆಯ ಪುಸ್ತಕದಲ್ಲಿ ಮಾಟಗಾತಿಯ ವಿದ್ಯೆ ಕಲಿಯಲು ಹೋದವಳಿಗೆ ಸಿಗುವ ಕೆಲಸ ಮನೆಮನೆಗೆ ಹೋಗಿ ಮುದುಕರನ್ನು, ಕಾಯಿಲೆಯವರನ್ನು ನೋಡಿಕೊಳ್ಳುವುದು. ಪುಸ್ತಕದಿಂದ ಪುಸ್ತಕಕ್ಕೆ ಅವಳ ವಯಸ್ಸು ಏರುತ್ತದೆ, ಅದರ ಜೊತೆ ಕೆಲಸವೂ ಭಾರವಾಗುತ್ತದೆ. ಮಕ್ಕಳ ಪುಸ್ತಕ ಅಂತ ಹಿಂಜರಿಯಬೇಡಿ.

ಗಟ್ಟಿ ಮನಸ್ಸಿದ್ದಾಗ ಎನ್. ಕೆ. ಜೆಮಿಸಿನ್ ಅವರ 'ದಿ ಫಿಫ್ತ್ ಸೀಸನ್' (2015) ಹಿಡಿಯಿರಿ. ನಾಯಕಿ 42 ವರ್ಷದ ತಾಯಿ, ಕಥೆ ಶುರುವಾಗುವಾಗಲೇ ಗಂಡ ಅವರ ಮಗುವನ್ನು ಕೊಂದಿರುತ್ತಾನೆ. ಆ ಸರಣಿಯ ಮೂರೂ ಪುಸ್ತಕಗಳಿಗೆ 2016ರಿಂದ ಸತತವಾಗಿ ಮೂರು ವರ್ಷ ಹ್ಯೂಗೋ ಬಂತು. ಬೇಜಾರಿನಲ್ಲಿರುವಾಗ ಮಾತ್ರ ಇದರಿಂದ ಶುರು ಮಾಡಬೇಡಿ.

ಹೊಸ ಪುಸ್ತಕ ಆರಿಸುವಾಗ ಹಿಂಬದಿಯ ರಕ್ಷಾಪುಟ ನಂಬಬೇಡಿ. ಅಲ್ಲಿ ಎಲ್ಲ ನಾಯಕಿಯರೂ ಒಂದೇ ಥರ ಕಾಣುತ್ತಾರೆ. ನಡುವೆ ಎಲ್ಲಾದರೂ ತೆರೆದು ನಾಲ್ಕು ಪುಟ ಓದಿ. ಅವಳು ಆ ಪುಟಗಳಲ್ಲಿ ಏನಾದರೂ ಮಾಡುತ್ತಿದ್ದಾಳಾ, ಇಲ್ಲ ಅವಳು ಎಷ್ಟು ವಿಶೇಷ ಅಂತ ಬೇರೆಯವರು ಮಾತಾಡುತ್ತಿದ್ದಾರಾ? ಇನ್ನೊಬ್ಬ ಹೆಂಗಸು ಬಂದರೆ ಅವಳ ಮಾತಿನಲ್ಲಿ ಹುರುಳಿದೆಯಾ? ನಾಯಕಿ ತನ್ನ ಸ್ವಭಾವದಿಂದಲೇ ತನಗೆ ಬೇಕಾದದ್ದೊಂದನ್ನು ಕಳೆದುಕೊಂಡ ಗುರುತು ಇದೆಯಾ? ನಾನು ಪುಸ್ತಕ ಆರಿಸುವುದು ಹೀಗೇ, ಬಹಳ ಸಲ ಕೈಕೊಟ್ಟಿಲ್ಲ. ಹಳೆಯ ಮೆಚ್ಚಿನವುಗಳಲ್ಲಿ ಒಂದನ್ನು ತೆಗೆದು ಮತ್ತೆ ಓದುವುದೂ ಒಳ್ಳೆಯದು. ಒಂದೇ ಸಾಕು. ಯಾವ ಪುಟದಲ್ಲಿ ನಿಮ್ಮ ಕಣ್ಣು ನಿಧಾನವಾಗುತ್ತದೆ ನೋಡಿಕೊಳ್ಳಿ. ಈಗ ನಿಮಗೆ ಏನು ಬೇಕಾಗಿದೆ ಅಂತ ಹೇಳುವುದು ಆ ಪುಟವೇ.

ಆ ಖುಷಿ ಮತ್ತೆ ಬರುತ್ತದಾ ಅಂತ ಕೇಳಿದ್ದೀರಿ. ಊಟ ನಿದ್ದೆ ಮರೆಸುವ ಆ ಹಳೆಯ ಸೆಳೆತ ಅದೇ ರೂಪದಲ್ಲಿ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಅದರಲ್ಲಿ ಅರ್ಧ ಪುಸ್ತಕದ್ದು, ಅರ್ಧ ಆಗಿನ ನಿಮ್ಮದು. ಇಸ್ತಾ ಥರದವಳ ಜೊತೆ ನಾಲ್ಕು ದಿನ ಕಳೆದರೆ ಬರುವ ಖುಷಿ ಇನ್ನೊಂದು ಬಗೆಯದು. ನಿಧಾನವಾಗಿ ಏರುತ್ತದೆ, ಜಾಸ್ತಿ ದಿನ ಉಳಿಯುತ್ತದೆ.

ಹಾಗಾಗಿ ಶುರು ಮಾಡುವುದು 'ಪ್ಯಾಲಡಿನ್ ಆಫ್ ಸೋಲ್ಸ್'ನಿಂದ ಆಗಲಿ. ಅದಕ್ಕೂ ಮೊದಲು 2001ರಲ್ಲಿ ಬಂದ 'ದಿ ಕರ್ಸ್ ಆಫ್ ಚಾಲಿಯನ್' ಇದೆ, ಇಸ್ತಾ ಅಲ್ಲಿ ಬದಿಯ ಪಾತ್ರ. ತಾಳ್ಮೆ ಇದ್ದರೆ ಅದನ್ನೇ ಮೊದಲು ಓದಿ, ಇಲ್ಲದಿದ್ದರೆ ನೇರವಾಗಿ ಇದನ್ನು ಹಿಡಿದರೂ ಕಥೆ ಅರ್ಥವಾಗುತ್ತದೆ, ಹಿಂದಿನದರ ಗುಟ್ಟು ಮಾತ್ರ ಬಯಲಾಗುತ್ತದೆ. 'ಟೆಹಾನು'ವಿಗೆ ಈ ಸಲಿಗೆ ಇಲ್ಲ. ಅದಕ್ಕೆ ಮೊದಲು ಹಿಂದಿನ ಮೂರನ್ನೂ ಓದಿರಬೇಕು, ಕಡೇಪಕ್ಷ 'ದಿ ಟೂಂಬ್ಸ್ ಆಫ್ ಅಟುವಾನ್' ಆದರೂ ಓದಿರಲೇಬೇಕು.